ಬಿಟ್ಟುಹೋದ ಒತ್ತಕ್ಷರ ಮತ್ತು ನಾಲ್ಕು ತಾಲೂಕಿನ ಬಾವಲಿಗಳು

ನಾಲ್ಕು ತಾಲೂಕುಗಳ ಬಾವಲಿ ಯೋಜನೆಯ ಮಾನ್ಯ ಸದಸ್ಯ ಕಾರ್ಯದರ್ಶಿಗಳೇ,

ತಮ್ಮ ಕಚೇರಿಯ ಆದೇಶದಲ್ಲಿ ಒಂದು ಒತ್ತಕ್ಷರ ಬಿಟ್ಟುಹೋಗಿದೆ. ‘ನ್ನು’ ಎಂಬ ಅಕ್ಷರ. ಅದು ಬಿಟ್ಟುಹೋದ ಕಾರಣ ಸವದತ್ತಿ ತಾಲೂಕಿನ ಒಂದು ಊರಿನಲ್ಲಿ ಆರುನೂರ ಹನ್ನೆರಡು ಬಾವಲಿಗಳಿದ್ದ ಆಲದ ಮರ ಈಗ ಖಾಲಿ ನಿಂತಿದೆ. ಬರುವ ಸೋಮವಾರ ರಾಮದುರ್ಗ ತಾಲೂಕಿನ ಸಾಲಹಳ್ಳಿ ಕಡೆಯ ಹುಣಸೆ ಮರಗಳಿಗೂ ಅದೇ ಆದೇಶ ಜಾರಿಯಾಗಲಿದೆ. ಅಷ್ಟರೊಳಗೆ ಆ ಒಂದು ಅಕ್ಷರವನ್ನು ಬರೆದುಕೊಡಿ ಎಂದು ಕೇಳಲು ಈ ಪತ್ರ. ಕಚೇರಿಗೆ ನಾಲ್ಕು ಸಲ ಬಂದು ಬಾಯಿಂದ ಕೇಳಿದೆ, ಎರಡು ಸಲ ಅರ್ಜಿ ಬರೆದು ಕೇಳಿದೆ. ಈಗ ನಾಲ್ಕು ಜನರಿಗೆ ಕೇಳಿಸುವ ಹಾಗೆ ಕೇಳುತ್ತಿದ್ದೇನೆ.

ನಾನು ಯಾರೆಂದು ತಮಗೆ ಗೊತ್ತು. ಬೇರೆ ಓದುಗರಿಗಾಗಿ ಹೇಳುತ್ತೇನೆ. ಮೂವತ್ತೊಂದು ವರ್ಷ ಪ್ರೌಢಶಾಲೆಯಲ್ಲಿ ಕನ್ನಡ ಕಲಿಸಿದೆ. ನಿವೃತ್ತಿಗೆ ಮೊದಲೇ ಸಂಜೆ ಬಾವಲಿ ಎಣಿಸುವ ಹುಚ್ಚು ಹತ್ತಿತ್ತು. ಅದಕ್ಕೆ ಈಗ ಹದಿನಾಲ್ಕು ವರ್ಷ. ಪ್ರತಿ ತಿಂಗಳ ಮೊದಲ ತಾರೀಖಿನ ಸಂಜೆ ಆ ಆಲದ ಮರದ ಎದುರು ಕಲ್ಲಿನ ಮೇಲೆ ಕೂತು, ಹೊತ್ತು ಮುಳುಗುವಾಗ ಮೇವಿಗೆ ಹೊರಡುವ ದೊಡ್ಡ ಬಾವಲಿಗಳನ್ನು ಒಂದೊಂದಾಗಿ ಎಣಿಸಿ ಬರೆದಿಡುತ್ತಿದ್ದೆ. ಸುತ್ತಲಿನ ಹಳ್ಳಿಗಳವರು ನನ್ನ ಹೆಸರು ಮರೆತು ‘ಬಾವಲಿ ಮಾಸ್ತರ’ ಅನ್ನಲು ಶುರು ಮಾಡಿದರು. ಮೊದಮೊದಲು ಚೇಷ್ಟೆಗೆ ಅನ್ನುತ್ತಿದ್ದರು, ಆಮೇಲೆ ಗೌರವಕ್ಕೇ ಅನ್ನತೊಡಗಿದರು.

ಎರಡು ವರ್ಷದ ಹಿಂದೆ ಹೂಲಿಯ ಒಂದು ಹಾಳು ಗುಡಿಯ ಕತ್ತಲು ಕೋಣೆಯಲ್ಲಿ ಸಣ್ಣ ಜಾತಿಯ ಬಾವಲಿಗಳು ಸತ್ತು ಬಿದ್ದಿದ್ದನ್ನು ಕಂಡೆ. ಮೂಗಿನ ಮೇಲೆ, ರೆಕ್ಕೆಯ ಮೇಲೆ ಬೂಷ್ಟು ಹಿಡಿದ ಹಾಗೆ ಬಿಳಿ ಪುಡಿ ಇತ್ತು. ಮುಂದಿನ ಬೇಸಿಗೆಯಲ್ಲಿ ಆಲದ ಮರದ ಕೆಳಗೂ ಒಂದೆರಡು ದೊಡ್ಡ ಬಾವಲಿ ಬಿದ್ದವು. ಅವುಗಳ ರೆಕ್ಕೆಯ ತೊಗಲು ಅಲ್ಲಲ್ಲಿ ಬಣ್ಣಗೆಟ್ಟು ಹರಿದಿತ್ತು. ಅದು ಯಾವ ರೋಗ, ಎರಡು ಕಡೆಯದೂ ಒಂದೇ ರೋಗವೇ ಎಂದು ನನಗೆ ಗೊತ್ತಿಲ್ಲ. ತಮಗೂ ಗೊತ್ತಿಲ್ಲ. ಮಾದರಿ ಕಳಿಸಿ ಹದಿನೈದು ತಿಂಗಳಾದರೂ ವರದಿ ಬಂದಿಲ್ಲ. ಗೊತ್ತಿಲ್ಲ ಎಂಬ ಕಾರಣಕ್ಕೇ ಒಂದು ಯೋಜನೆ ಬೇಕೆಂದು ಬೈಲಹೊಂಗಲದಲ್ಲಿ ಸಭೆ ಸೇರಿತು, ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗ ನಾಲ್ಕೂ ತಾಲೂಕಿಗೆ ಒಂದೇ ಯೋಜನೆ ಆಗಲಿ ಎಂದಿತು. ಬಾವಲಿಗೆ ತಾಲೂಕಿನ ಗಡಿ ತಿಳಿಯುವುದಿಲ್ಲ ಎಂದು ಅಂದು ತಾವೇ ಹೇಳಿದ್ದಿರಿ. ಒಳ್ಳೆಯ ಮಾತು. ನನ್ನನ್ನು ತಜ್ಞ ಸದಸ್ಯ ಎಂದು ಸೇರಿಸಿಕೊಂಡಿರಿ.

ಯೋಜನೆ ಚೆನ್ನಾಗಿಯೇ ಇತ್ತು, ಅದರ ಬಹುಪಾಲು ನಾನೇ ಬರೆದದ್ದು. ಬಾವಲಿ ನೆಲೆಸಿದ ಜಾಗವನ್ನು ಕದಡಬಾರದು, ಕದಡಿದರೆ ರೋಗಿಯೂ ನಿರೋಗಿಯೂ ಕಲೆತು ಬೇರೆ ನೆಲೆಗಳಿಗೆ ಹೋಗುತ್ತವೆ ಎಂದು ನಾಲ್ಕನೆಯ ಪುಟದಲ್ಲಿದೆ. ಒಂದು ನೆಲೆ ನೋಡಿ ಇನ್ನೊಂದಕ್ಕೆ ಹೋಗುವವರು ಚಪ್ಪಲಿ ತೊಳೆದುಕೊಂಡು ಹೋಗಬೇಕು ಎಂದು ಐದನೆಯದರಲ್ಲಿದೆ. ಮರಿ ಹಾಕಿದ ತಿಂಗಳುಗಳಲ್ಲಿ ಮರದ ಸಮೀಪ ಯಾರೂ ಸುಳಿಯಬಾರದು, ಸತ್ತದ್ದನ್ನು ಬರಿಗೈಯಲ್ಲಿ ಮುಟ್ಟಬಾರದು, ಬಾವಲಿ ಕಚ್ಚಿದ ಹಣ್ಣು ತಿನ್ನಬಾರದು ಎಂದು ಏಳನೆಯದರಲ್ಲಿದೆ. ಬಾವಲಿಗೂ ಮನುಷ್ಯರಿಗೂ ಇದಕ್ಕಿಂತ ಒಳ್ಳೆಯ ರಕ್ಷಣೆ ನನಗೆ ಇಂದಿಗೂ ತಿಳಿದಿಲ್ಲ. ಅವುಗಳ ಪಾಡಿಗೆ ಅವುಗಳನ್ನು ಬಿಡುವುದು, ದೂರದಿಂದ ನೋಡುತ್ತಿರುವುದು, ಅಷ್ಟೇ. ಇಷ್ಟು ಸರಳವಾದದ್ದನ್ನು ಹನ್ನೊಂದು ಪುಟ ಬರೆದದ್ದು ನಮ್ಮ ತಪ್ಪೇ ಇರಬಹುದು.

ಇನ್ನು ಆ ಅಕ್ಷರದ ವಿಷಯ. ಸಭೆಯಾದ ಮಾರನೆಯ ದಿನ ನಾನು ದೊಡವಾಡದಿಂದ ಬೈಲಹೊಂಗಲಕ್ಕೆ ಬಸ್ಸಿನಲ್ಲಿ ಬರುತ್ತಿದ್ದೆ. ಹಿಂದಿನ ಸೀಟು, ಕಿಟಕಿ ಗಾಜಿನ ದಡದಡ ಸದ್ದು. ಆಗ ತಮ್ಮ ಕಚೇರಿಯ ಬೆರಳಚ್ಚುಗಾರ್ತಿ ಮಂಜುಳಾ ಅವರ ಫೋನ್ ಬಂತು.

‘ಸರ, ಯೋಜನಾಕ್ಕ ಹೆಸರ ಏನಂತ ಟೈಪ್ ಮಾಡ್ಲಿರಿ?’

‘ಬಾವಲಿಗೋಳ್ನ ರೋಗದಿಂದ ರಕ್ಷಿಸೂ ಯೋಜನೆ ಅಂತ ಹಾಕ್ರಿ,’ ಎಂದೆ.

ನಾನು ಹೇಳಿದ್ದು ಮನೆಮಾತಿನಲ್ಲಿ. ಇಲ್ಲಿಯವರ ಬಾಯಲ್ಲಿ ‘ಬಾವಲಿಗಳನ್ನು’ ಎಂಬುದು ‘ಬಾವಲಿಗೋಳ್ನ’ ಆಗುತ್ತದೆ, ದ್ವಿತೀಯಾ ವಿಭಕ್ತಿ ಪೂರಾ ಕರಗಿ ಕೊನೆಗೆ ಒಂದು ‘ನ’ ಮಾತ್ರ ಉಳಿಯುತ್ತದೆ. ಬಸ್ಸಿನ ಸದ್ದಿನಲ್ಲಿ ಆ ‘ನ’ ಕೂಡ ಹೋಯಿತು. ಅವರು ಕೇಳಿಸಿಕೊಂಡದ್ದನ್ನು ಗ್ರಾಂಥಿಕ ಮಾಡಿ ಬರೆದರು: ‘ಬಾವಲಿಗಳ ರೋಗದಿಂದ ರಕ್ಷಿಸುವ ಪ್ರಾದೇಶಿಕ ಯೋಜನೆ’. ಅದರಲ್ಲಿ ಅವರ ತಪ್ಪು ಏನೂ ಇಲ್ಲ. ಎರಡು ದಿನ ಬಿಟ್ಟು ಯೋಜನೆಯ ಪ್ರತಿ ಸಹಿಗೆ ಬಂತು. ನಾನು ಒಳಗಿನ ಪುಟಗಳನ್ನು ಗೆರೆ ಗೆರೆ ಓದಿದೆ, ಒಂದು ಅಲ್ಪವಿರಾಮ ಕೂಡ ತಿದ್ದಿದೆ. ಶೀರ್ಷಿಕೆ ಮಾತ್ರ ಓದಲಿಲ್ಲ. ನಾನೇ ಹೇಳಿ ಬರೆಸಿದ್ದು, ಅದನ್ನೇನು ಓದುವುದು ಎಂದುಕೊಂಡೆ. ಹನ್ನೊಂದನೆಯ ಪುಟದ ಕೆಳಗೆ ಸಹಿ ಮಾಡಿದೆ. ಮೂವತ್ತೊಂದು ವರ್ಷ ವಿಭಕ್ತಿ ತಪ್ಪಿದ ಹುಡುಗರನ್ನು ಬೆಂಚಿನ ಮೇಲೆ ನಿಲ್ಲಿಸಿದವನು ನಾನು.

ಮುಂದಿನದು ತಮ್ಮ ಕಚೇರಿಯ ಕೆಲಸ. ರಕ್ಷಿಸುವುದು ಸಕರ್ಮಕ ಧಾತು. ಯಾರನ್ನು ರಕ್ಷಿಸುವುದು ಎಂಬ ಪ್ರಶ್ನೆಗೆ ಉತ್ತರ ಕೊಡುವ ಕರ್ಮಪದ ಅದಕ್ಕೆ ಬೇಕು. ನಮ್ಮ ವಾಕ್ಯದ ಕರ್ಮ ಬಸ್ಸಿನಲ್ಲಿ ಕಳೆದುಹೋಗಿತ್ತಲ್ಲ, ತಾಲೂಕು ಕಚೇರಿಗಳಿಗೆ ಹೋದ ಸುತ್ತೋಲೆಯಲ್ಲಿ ಯಾರೋ ಪುಣ್ಯಾತ್ಮರು ಅದನ್ನು ತುಂಬಿಕೊಟ್ಟರು: ‘ಬಾವಲಿಗಳ ರೋಗದಿಂದ ಸಾರ್ವಜನಿಕರನ್ನು ರಕ್ಷಿಸುವ ಬಗ್ಗೆ’. ವ್ಯಾಕರಣ ಈಗ ಶುದ್ಧವಾಯಿತು. ಸಾರ್ವಜನಿಕರನ್ನು ರಕ್ಷಿಸಬೇಕೆಂದರೆ ಬಾವಲಿ ಇರಬಾರದು, ಬಾವಲಿ ಇರಬಾರದೆಂದರೆ ಓಡಿಸಬೇಕು, ನಾಲ್ಕು ತಾಲೂಕಿನಲ್ಲಿ ನಾವೇ ಪಟ್ಟಿ ಮಾಡಿಕೊಟ್ಟ ನಾಲ್ಕು ದೊಡ್ಡ ನೆಲೆಗಳಿವೆ, ಅಲ್ಲಿಂದಲೇ ಆಗಲಿ ಎಂದು ಆದೇಶವಾಯಿತು. ಎತ್ತು ಈಯಿತು ಅಂದರೆ ಕೊಟ್ಟಿಗೆಯಲ್ಲಿ ಕಟ್ಟು ಅಂದರಂತೆ. ಯೋಜನೆಯ ಒಳಗೇನಿದೆ ಎಂದು ಒಬ್ಬರಾದರೂ ನೋಡಿದ್ದರೆ ಅಲ್ಲಿಗೇ ನಿಲ್ಲುತ್ತಿತ್ತು. ನೋಡುವುದು ಹೇಗೆ? ಕಾಗದ ಉಳಿಸಲಿಕ್ಕೆಂದು ಮೊದಲ ಪುಟ ಮತ್ತು ಕೊನೆಯ ಪುಟವನ್ನು ಮಾತ್ರ ಜೆರಾಕ್ಸ್ ಮಾಡಿ ಕಳಿಸಿದ್ದರು. ಮೇಲೆ ತಪ್ಪು ಶೀರ್ಷಿಕೆ, ಕೆಳಗೆ ನನ್ನ ಸಹಿ. ಬಾವಲಿಗಳನ್ನು ಉಳಿಸುವ ಒಂಬತ್ತು ಪುಟಗಳು ತಮ್ಮ ಕಪಾಟಿನಲ್ಲಿ ಉಳಿದವು.

ಆಲದ ಮರ ನಿಜಗುಣಪ್ಪನವರ ಹೊಲದ ಬದುವಿನಲ್ಲಿದೆ. ಊರಿನ ಹೆಸರು ಬರೆಯುವುದಿಲ್ಲ, ಬರೆದರೆ ತಪ್ಪು ಆ ಊರಿನವರದು ಎಂದಾಗುತ್ತದೆ. ನಿಜಗುಣಪ್ಪನವರಿಗೆ ಅರವತ್ತೆಂಟು ವರ್ಷ. ಅವರ ಮನೆತನ ಮೂರು ತಲೆಮಾರಿನಿಂದ ಆ ಮರದ ಬುಡದಲ್ಲಿ ದೀಪಾವಳಿಗೆ ಪಟಾಕಿ ಹಾರಿಸಿಲ್ಲ. ಸುಗ್ಗಿಯಲ್ಲಿ ಕಾಳು ಒಕ್ಕುವ ರಾಶಿ ಮಷಿನ್ನನ್ನು ಮರದಿಂದ ಎರಡು ಹೊಲ ಆಚೆ ನಿಲ್ಲಿಸುತ್ತಾರೆ, ಸದ್ದಿಗೆ ಬಾವಲಿ ಎದ್ದಾವೆಂದು. ಅವರ ಹೆಂಡತಿ ಸುಂದರವ್ವ ಬಾವಲಿಗಳಿಗೆ ‘ನಮ್ಮ ಮ್ಯಾಲಿನ ಮನಿ ಮಂದಿ’ ಅನ್ನುತ್ತಿದ್ದರು. ನಾನು ಎಣಿಸಲು ಹೋದ ಸಂಜೆ ಚಹಾ ತಂದುಕೊಟ್ಟು, ‘ಮ್ಯಾಲಿನ ಮನಿಯವರು ಎಲ್ಲಾರೂ ಬಂದಾರೇನ್ರಿ ಸರ?’ ಎಂದು ಕೇಳುತ್ತಿದ್ದರು. ಹದಿನಾಲ್ಕು ವರ್ಷ ಆ ಮನೆಯ ಚಹಾ ಕುಡಿದಿದ್ದೇನೆ.

ಮಾರ್ಚ್ ತಿಂಗಳ ಎರಡನೆಯ ವಾರ, ಮಧ್ಯಾಹ್ನದ ಬಿಸಿಲಿನಲ್ಲಿ, ಮರದ ಕೆಳಗೆ ಹತ್ತಿ ಗಿಡದ ಕಟ್ಟಿಗೆ, ಹಳೇ ಟೈರು, ಒಣ ಮೆಣಸಿನಕಾಯಿ ಹಾಕಿ ಹೊಗೆ ಎಬ್ಬಿಸಿದರು. ಹಲಗೆ ಬಾರಿಸಿದರು, ಪಟಾಕಿ ಹಾರಿಸಿದರು. ಆಗ ಬಹಳಷ್ಟು ತಾಯಂದಿರ ಎದೆಯ ಮೇಲೆ ಮರಿಗಳಿದ್ದವು. ಮರಿ ಹೊತ್ತು ಹಾರಲು ಆದಂಥವು ಹಾರಿದವು. ಆಗದವು ಮರಿ ಬಿಟ್ಟು ಹಾರಿದವು. ಕೆಲವು ಹಾರಲೇ ಇಲ್ಲ. ಮಾರನೆಯ ದಿನ ಸುದ್ದಿ ತಿಳಿದು ನಾನು ಹೋಗುವ ಹೊತ್ತಿಗೆ ಬೂದಿ ಆರಿತ್ತು, ಮರದಲ್ಲಿ ಒಂದೂ ಇರಲಿಲ್ಲ. ಸಿಟ್ಟು ಬಂದೀತೆಂದು ಐದು ವಾರದಿಂದ ಕಾದಿದ್ದೇನೆ, ಅದು ಬಂದಿಲ್ಲ. ಉಣ್ಣುತ್ತೇನೆ, ಮಲಗುತ್ತೇನೆ, ಪೇಪರ್ ಓದುತ್ತೇನೆ, ತಮ್ಮ ಕಚೇರಿಗೆ ಬಂದು ಬೆಂಚಿನ ಮೇಲೆ ಕೂಡುತ್ತೇನೆ.

ನಿಜಗುಣಪ್ಪ ಕಟ್ಟೆಯ ಮೇಲೆ ಕೂತಿದ್ದರು. ‘ಬರ್ರಿ ಸರ, ಕುಂತ್ರಿ,’ ಎಂದರು. ಎಂದಿನ ದನಿಯೇ.

‘ಯಾರ ಬಂದಿದ್ರು ನಿಜಗುಣಪ್ಪ? ಯಾರ ಹಚ್ಚಿದ್ರು?’ ಎಂದು ಕೇಳಿದೆ.

‘ನಾನಽ ಹಚ್ಚೀನ್ರಿ.’

ಅವರು ಅಂಗಿಯ ಕಿಸೆಯಿಂದ ಮಡಿಚಿದ ಎರಡು ಹಾಳೆ ತೆಗೆದು ನನ್ನ ತೊಡೆಯ ಮೇಲಿಟ್ಟರು.

‘ಎರಡ ಸಲ ಬಂದಿದ್ರು ತಾಲೂಕಾ ಕಚೇರಿಯವ್ರು, ಬಾವಲಿ ಓಡಸ್ತೇವಿ ಅಂತ. ಬೈದು ಕಳಿಸಿದ್ದೆ. ಮೂರನೇ ಸಲ ಈ ಕಾಗದ ತಂದ್ರು. ಕೆಳಗ ನಿಮ್ಮ ಸಹಿ. ನಿಮ್ಮ ಸಹಿ ನನಗ ಗೊತ್ತಿಲ್ಲೇನ್ರಿ, ನನ್ನ ಮಕ್ಕಳ ಮಾರ್ಕ್ಸ್ ಕಾರ್ಡಿನ ಮ್ಯಾಲೆ ನೋಡೀನಿ. ಹದಿನಾಲ್ಕ ವರ್ಷ ಇವನ್ನ ಎಣಿಸಿದ ಮನಷ್ಯಾನಽ ಬ್ಯಾಡ ಅಂದಾನ ಅಂದ್ರ ಏನೋ ದೊಡ್ಡ ಕಾರಣ ಇರಬೇಕ ಅಂದ್ಕೊಂಡೆ. ಮಂದಿ ಕೈಯಾಗ ಕೊಟ್ರ ಗಿಡಾನೂ ಸುಟ್ಟಾರಂತ ನಾನಽ ಮುಂದ ನಿಂತು ಮಾಡಿದೆ.’

‘ಒಂದು ಫೋನ್ ಮಾಡಬೇಕಿತ್ತಲ್ರಿ.’

‘ನೀವು ಹೇಳೂದನ್ನ ಬರದು ಕೊಟ್ಟೀರಿ. ಮತ್ತ ಫೋನ್ ಯಾತಕ್ಕರಿ?’

ಮಾನ್ಯರೇ, ಇದಕ್ಕೆ ನಾನು ಏನು ಉತ್ತರ ಕೊಡಬೇಕಿತ್ತು? ದ್ವಿತೀಯಾ ವಿಭಕ್ತಿಯ ಪ್ರತ್ಯಯ ಬಿಟ್ಟುಹೋಗಿದೆ ನಿಜಗುಣಪ್ಪ, ಅದನ್ನು ಷಷ್ಠಿ ಎಂದು ತಿಳಿದು ಅರ್ಥ ಮಾಡಿಕೊಂಡಿದ್ದಾರೆ ಎನ್ನಬೇಕಿತ್ತೇ? ಅಂದೆ. ಅದನ್ನೇ ಅಂದೆ. ಬೇರೆ ಏನೂ ತೋಚಲಿಲ್ಲ. ಅವರು ಪೂರ್ತಿ ಕೇಳಿದರು. ಆಮೇಲೆ, ‘ಅಂದ್ರ ಮಾಡಬಾರದಾಗಿತ್ತೇನ್ರಿ?’ ಎಂದು ಒಂದೇ ಮಾತು ಕೇಳಿದರು. ‘ಮಾಡಬಾರದಾಗಿತ್ತು,’ ಎಂದೆ. ಅವರು ಎದ್ದು ದನಕ್ಕೆ ನೀರು ಕುಡಿಸಲು ಹೋದರು. ಅದು ನೀರು ಕುಡಿಸುವ ಹೊತ್ತಲ್ಲ.

ಆಗ ಸುಂದರವ್ವ ಒಳಗಿನಿಂದ ಒಂದು ಬುಟ್ಟಿ ತಂದು ನನ್ನ ಮುಂದಿಟ್ಟರು. ಮೇಲೆ ಹಳೇ ಸೀರೆಯ ತುಂಡು ಮುಚ್ಚಿದ್ದರು. ಬೆಳಿಗ್ಗೆ ಮರದ ಕೆಳಗಿನಿಂದ ಸಲಿಕೆಯಲ್ಲಿ ಎತ್ತಿ ತಂದಿದ್ದರಂತೆ, ನಾಯಿ ಎಳೆದಾವೆಂದು.

‘ಮಣ್ಣ ಮಾಡಬೇಕ್ರಿ. ಅದಕ್ಕಿಂತ ಮೊದಲ ಎಣಿಸ್ರಿ ಸರ. ನೀವು ಎಣಿಸೂವ್ರಲ್ಲ,’ ಎಂದರು.

ಕೈಗೆ ಪ್ಲಾಸ್ಟಿಕ್ ಚೀಲ ಸುತ್ತಿಕೊಂಡು ಎಣಿಸಿದೆ. ಮೂವತ್ತೇಳು ಮರಿಗಳು, ಒಂಬತ್ತು ತಾಯಂದಿರು. ವಹಿಯಲ್ಲಿ ಬರೆದುಕೊಂಡೆ. ಸುಂದರವ್ವ ಅಂದು ಚಹಾ ಕೊಡಲಿಲ್ಲ, ನಾನೂ ಕೇಳಲಿಲ್ಲ.

ಉಳಿದವು ಎಲ್ಲಿಗೆ ಹೋದವು ಎಂದು ತಮ್ಮ ಕಚೇರಿಯಲ್ಲಿ ಯಾರೂ ಕೇಳಲಿಲ್ಲ. ನಾನು ಹುಡುಕಿಕೊಂಡು ಹೋದೆ. ಕಿತ್ತೂರು ಕಡೆಗೆ ಎಂದೂ ಬಾವಲಿ ಕಾಣದಿದ್ದ ಒಂದು ಮರದಲ್ಲಿ ಈಗ ನಲವತ್ತು ಇವೆ. ಸಾಲಹಳ್ಳಿ ಕಡೆಯ ಹುಣಸೆ ಮರಗಳಲ್ಲಿ ಫೆಬ್ರವರಿಯಲ್ಲಿ ಇನ್ನೂರ ನಲವತ್ತು ಇದ್ದದ್ದು ಈಗ ನಾನೂರು ದಾಟಿದೆ. ಅಲ್ಲಿ ಮೊದಲ ಸಲ ರೆಕ್ಕೆಯ ತೊಗಲು ಹರಿದವುಗಳು ನನ್ನ ದುರ್ಬೀನಿಗೆ ಸಿಕ್ಕವು, ಮೂರು. ಬಂದವುಗಳ ಜೊತೆಯೇ ಅದೂ ಬಂತೆಂದು ಆಣೆ ಮಾಡಿ ಹೇಳಲಾರೆ. ನಾಲ್ಕನೆಯ ಪುಟದಲ್ಲಿ ಮಾತ್ರ ಹೀಗಾಗಬಹುದೆಂದು ಬರೆದಿತ್ತು. ರೋಗ ಹರಡಬಾರದೆಂದು ಕೂತು ಯೋಜನೆ ಮಾಡಿದವರು ನಾವು, ಅದಕ್ಕೆ ದಾರಿ ತೋರಿಸಿ ಕಳಿಸಿದವರೂ ನಾವೇ. ಇನ್ನು ಸಾಲಹಳ್ಳಿಯಿಂದಲೂ ಓಡಿಸಿದರೆ ಅವು ಎಲ್ಲಿಗೆ ಹೋಗಬೇಕು? ಯಾವ ಊರಿನ ಯಾವ ಮರಕ್ಕೆ ಹೋಗಬೇಕೆಂದು ತಾವೇನಾದರೂ ಅನುಬಂಧದಲ್ಲಿ ಸೂಚಿಸಿದ್ದೀರಾ? ಓಡಿಸಿದ ಬಾವಲಿ ಊರು ಬಿಟ್ಟು ಹೋಗುವುದಿಲ್ಲ, ಇನ್ನಷ್ಟು ಊರುಗಳಿಗೆ ಹೋಗುತ್ತದೆ. ತಾವು ರಕ್ಷಿಸ ಹೊರಟ ಸಾರ್ವಜನಿಕರಿಗಾದರೂ ಇದರಿಂದ ಏನು ಒಳ್ಳೆಯದಾಯಿತು?

ಆದರೆ ಪ್ರಗತಿ ವರದಿ ನೋಡಿದೆ. ಬೆಂಚಿನ ಮೇಲೆ ಕೂತಾಗ ಮೇಜಿನ ಮೇಲಿತ್ತು, ತಲೆಕೆಳಗಾಗಿ ಓದಿದೆ. ‘ಗುರಿ: ನಾಲ್ಕು. ಸಾಧನೆ: ಒಂದು. ಶೇಕಡಾ ಇಪ್ಪತ್ತೈದು. ಷರಾ: ಸ್ಥಳ ಪರಿಶೀಲನೆ ವೇಳೆ ಬಾವಲಿಗಳು ಕಂಡುಬಂದಿರುವುದಿಲ್ಲ.’ ಈ ವಾಕ್ಯದಲ್ಲಿ ವ್ಯಾಕರಣ ದೋಷ ಒಂದೂ ಇಲ್ಲ. ಎಲ್ಲ ವಿಭಕ್ತಿಗಳೂ ಸರಿಯಾಗಿವೆ.

ನಾಲ್ಕನೆಯ ಸಲ ಬಂದಾಗ ತಾವು ನನಗೆ ಕುರ್ಚಿ ಕೊಟ್ಟಿರಿ, ಅದು ಸುಳ್ಳಲ್ಲ. ‘ಸರ, ನೀವು ಕನ್ನಡಾ ಮಾಸ್ತರ್ರು. ಒಂದ ಅಕ್ಷರಾ ಹಿಡಕೊಂಡು ಇಷ್ಟ ಜಗ್ಗಾಡಿದ್ರ ಹ್ಯಾಂಗ್ರಿ? ಅರ್ಥ ಎರಡೂ ಬರ್ತದಲ್ಲ,’ ಎಂದಿರಿ. ಆಮೇಲೆ ವಿವರಿಸಿದಿರಿ. ಶೀರ್ಷಿಕೆ ಬದಲಿಸಲು ತಿದ್ದೋಲೆ ಹೊರಡಿಸಬೇಕು. ತಿದ್ದೋಲೆಗೆ ಸಮಿತಿಯ ಒಪ್ಪಿಗೆ ಬೇಕು. ಸಮಿತಿಯ ಅವಧಿ ಮಾರ್ಚ್ ಕೊನೆಗೆ ಮುಗಿದಿದೆ. ಹೊಸ ಸಮಿತಿ ಆಗುವವರೆಗೆ ಹಳೆಯ ಆದೇಶ ಊರ್ಜಿತದಲ್ಲಿರುತ್ತದೆ. ಅಂದರೆ ತಪ್ಪು ಮಾಡಲು ಸಮಿತಿಗೆ ಅವಧಿ ಸಾಲುತ್ತದೆ, ತಿದ್ದಲು ಸಾಲುವುದಿಲ್ಲ. ಹೊಸ ಸಮಿತಿ ಬರುವ ಹೊತ್ತಿಗೆ ನಾಲ್ಕೂ ಕಡೆ ‘ಕಂಡುಬಂದಿರುವುದಿಲ್ಲ’ ಎಂದು ಬರೆದಾಗಿರುತ್ತದೆ. ಕೋಟೆ ಸೂರೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದರು ಎಂಬ ಗಾದೆಯನ್ನು ಎಷ್ಟೋ ವರ್ಷ ಹತ್ತನೆಯ ತರಗತಿಗೆ ವಿಸ್ತರಿಸಿ ಬರೆಯಲು ಕೊಟ್ಟಿದ್ದೇನೆ. ತಮ್ಮ ಕಚೇರಿಯಷ್ಟು ಚೆನ್ನಾಗಿ ಯಾರೂ ವಿಸ್ತರಿಸಿರಲಿಲ್ಲ.

ಈಗ ಸಾಲಹಳ್ಳಿಯ ಮಾತು. ಆ ಹುಣಸೆ ಮರಗಳು ರಾಮಲಿಂಗಪ್ಪನವರ ಜಮೀನಿನಲ್ಲಿವೆ. ಅವರಿಗೂ ಅದೇ ಎರಡು ಹಾಳೆ ಮುಟ್ಟಿದೆ. ನಾನು ಓಡಿ ಹೋಗಿ ಹೇಳಿ ಬಂದೆ. ಅವರು ಪೂರ್ತಿ ಕೇಳಿಕೊಂಡರು, ಮೊನ್ನೆ ಫೋನ್ ಮಾಡಿದರು.

‘ಮಾಸ್ತರ್ರ, ನೀವು ಬ್ಯಾಡ ಅಂತೀರಿ. ನಿಮ್ಮ ಸಹಿ ಮಾಡ್ರಿ ಅಂತೈತಿ. ನಾವು ಯಾವುದನ್ನ ಹಿಡಿಯೂಣು?’

‘ನಾನಽ ಹೇಳಾಕತ್ತೇನಲ್ರಿ ರಾಮಲಿಂಗಪ್ಪ. ಆ ಕಾಗದ ತಪ್ಪೈತಿ.’

‘ನನಗ ನಿಮ್ಮ ಮ್ಯಾಲೆ ವಿಶ್ವಾಸ ಐತ್ರಿ. ಆದ್ರ ನಾಳೆ ಯಾರಿಗಾದ್ರೂ ಜಡ್ಡ ಬಂತು ಅಂದ್ರ ಊರ ಮಂದಿ ನನ್ನ ಕೇಳ್ತಾರ. ಮಾಸ್ತರ್ರು ಸಹಿ ಮಾಡಿ ಕೊಟ್ಟಿದ್ರು, ನೀ ಯಾಕ ಮಾಡಲಿಲ್ಲ ಅಂತಾರ. ಬಾಯಿಮಾತು ತೋರಿಸಾಕ ಬರ್ತೈತೇನ್ರಿ? ಒಂದ ಕಾಗದಾ ತಂದ ಕೊಡ್ರಿ, ಯಾರನ್ನೂ ಗಿಡದ ಹತ್ರ ಬಿಡೂದಿಲ್ಲ ನಾನು.’

ಅವರು ಹೇಳಿದ್ದರಲ್ಲಿ ತಪ್ಪೇನಿದೆ? ನಾನು ಬೇರೆ ಕಾಗದದ ಮೇಲೆ ಬರೆದು ಸಹಿ ಮಾಡಿ ಕೊಡುತ್ತೇನೆ ಎಂದೆ. ಅದಕ್ಕೆ ಸರಕಾರದ ಮೊಹರು ಇರುವುದಿಲ್ಲವಲ್ಲ ಎಂದರು. ಅದೂ ಸರಿಯೇ. ಮೊಹರು ತಮ್ಮ ಮೇಜಿನ ಎಡಗಡೆಯ ಡ್ರಾವರಿನಲ್ಲಿದೆ, ನಾನು ನೋಡಿದ್ದೇನೆ.

ಸಾಲಹಳ್ಳಿಯ ಮರಗಳಲ್ಲಿ ಈಗ ಇರುವ ಮರಿಗಳಿಗೆ ಇನ್ನೂ ಸ್ವಂತ ಹಾರಲು ಬರುವುದಿಲ್ಲ. ಇನ್ನೊಂದು ಐದಾರು ವಾರ ಬೇಕು. ತಾಯಿ ಮೇವಿಗೆ ಹೋದಾಗ ಕೊಂಬೆಗೆ ಜೋತು ಕಾಯುತ್ತಿರುತ್ತವೆ. ಅಂಥವು ಎಷ್ಟಿವೆ ಎಂದು ಈ ಸಲ ನಾನು ಎಣಿಸಿಲ್ಲ. ಎಣಿಸುವ ಮನಸ್ಸಾಗಲಿಲ್ಲ.

ಆದುದರಿಂದ ನನ್ನ ಬೇಡಿಕೆ ಇಷ್ಟು. ಶುಕ್ರವಾರದೊಳಗೆ ಒಂದು ಸಾಲಿನ ಕಾಗದ ಕೊಡಿ: ‘ಬಾವಲಿಗಳ ಎಂದಿರುವುದನ್ನು ಬಾವಲಿಗಳನ್ನು ಎಂದು ಓದಿಕೊಳ್ಳತಕ್ಕದ್ದು.’ ಕೆಳಗೆ ಮೊಹರು ಹಾಕಿ. ಜೊತೆಗೆ ಉಳಿದ ಒಂಬತ್ತು ಪುಟಗಳನ್ನು ಕಳಿಸಿ, ಜೆರಾಕ್ಸ್ ನಾನೇ ಮಾಡಿಸುತ್ತೇನೆ. ಸಮಿತಿ ಇಲ್ಲದೆ ಅಷ್ಟು ಮಾಡಲು ಅಧಿಕಾರವಿಲ್ಲ ಎನ್ನುವುದಾದರೆ ಮಳೆಗಾಲದವರೆಗೆ ಆದೇಶವನ್ನು ತಡೆಹಿಡಿಯಿರಿ. ತಡೆಹಿಡಿಯಲು ಯಾವ ಕಚೇರಿಗೂ ಅಧಿಕಾರದ ಕೊರತೆ ಬಿದ್ದದ್ದನ್ನು ನಾನು ಕಂಡಿಲ್ಲ.

ಅದೂ ಆಗದಿದ್ದರೆ ಕೊನೆಯದು ಒಂದಿದೆ. ಇದಕ್ಕೆ ಸಭೆ ಬೇಡ, ಟಿಪ್ಪಣಿ ಬೇಡ, ಒಂದು ಪೆನ್ನು ಸಾಕು. ಹನ್ನೊಂದನೆಯ ಪುಟದಲ್ಲಿ ನನ್ನ ಸಹಿಯ ಮೇಲೆ ಅಡ್ಡ ಗೆರೆ ಎಳೆದು ಆ ಪುಟವನ್ನು ಸಾಲಹಳ್ಳಿಗೆ ಕಳಿಸಿಕೊಡಿ. ತಮ್ಮ ಸಹಿ, ಮೊಹರು, ಆದೇಶ ಸಂಖ್ಯೆ ಎಲ್ಲ ಹಾಗೆಯೇ ಇರಲಿ. ನನ್ನದೊಂದು ಇಲ್ಲದಿದ್ದರೆ ಆ ಮರಗಳ ಕೆಳಗೆ ಯಾರೂ ಬೆಂಕಿ ಹಚ್ಚುವುದಿಲ್ಲ.

ಇಂತಿ,
ಮೇಲಿನ ಸಾಲು ಓದದೆ ಕೆಳಗೆ ಸಹಿ ಮಾಡಿದ
ತ್ರ್ಯಂಬಕ ಹುದ್ದಾರ
ನಿವೃತ್ತ ಕನ್ನಡ ಶಿಕ್ಷಕ, ಬೈಲಹೊಂಗಲ